ಮೂರು ಪೈಸೆಯ ಆರು ಮೂಲೆ

'ಮೂರು ಕಾಸಿನ ಬೆಲೆಯಿಲ್ಲ' ಎನ್ನುವುದು ನಮ್ಮಲ್ಲಿ ಬೈಗುಳ. ಸರಕಾರ ಮಾತ್ರ 1964ರಲ್ಲಿ ಮೂರಕ್ಕೂ ಬೆಲೆಯುಂಟೆಂದು ನಾಣ್ಯವನ್ನೇ ಹೊಡೆಸಿತು. ಅಲ್ಯೂಮಿನಿಯಂ, ಆರು ಮೂಲೆ, ತೂಕ ಒಂದೂಕಾಲು ಗ್ರಾಂ. ಹಳೆಯ ಅರ್ಧಾಣೆಗೆ ಚೂರು ಕಡಿಮೆ. ಚಲಾವಣೆಗೆಂದು ಹೊಡೆದದ್ದು 1971ರ ವರೆಗೆ ಅಷ್ಟೇ.

ಎಂಟು ವರ್ಷ, ಮೂರು ಟಂಕಸಾಲೆ. ಇದೇನು ಮಹಾ ಎಂದು ಸಂಗ್ರಹಕ್ಕೆ ಇಳಿದವರು ಇಸವಿಯ ಕೆಳಗೆ ಎಡವುತ್ತಾರೆ. ಅಲ್ಲಿ ವಜ್ರದಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ಏನೂ ಇಲ್ಲದಿದ್ದರೆ ಕಲ್ಕತ್ತ. ತಕರಾರೆಲ್ಲ ಈ 'ಏನೂ ಇಲ್ಲ'ದ್ದು. ಸವೆದ ಮುಂಬಯಿ ಬಿಲ್ಲೆ ಕಲ್ಕತ್ತದ್ದೆಂದು ನಿಲ್ಲುತ್ತದೆ, ಮೊನೆ ಕಳೆದುಕೊಂಡ ನಕ್ಷತ್ರ ಮುಂಬಯಿಯಾಗುತ್ತದೆ, ಕಲ್ಕತ್ತದ್ದಕ್ಕೆ ಒಂದು ಕುಳಿ ಬಿದ್ದರೆ ಅದಕ್ಕೂ ಗುರುತು ಹುಟ್ಟುತ್ತದೆ. ಯಕ್ಷಗಾನದ ಚೌಕಿಯಲ್ಲೂ ಇಷ್ಟು ಬೇಗ ವೇಷ ಬದಲಾಗದು. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಟಾರ್ಚನ್ನು ಪಕ್ಕದಿಂದ, ಬಿಲ್ಲೆಯ ಮಟ್ಟಕ್ಕೇ ತಂದು ಬಿಡಬೇಕು. ಟಂಕಸಾಲೆಯ ಗುರುತು ಉಬ್ಬು. ನೆರಳು ಟಾರ್ಚಿನ ಆಚೆಗೆ ಬೀಳುತ್ತದೆ. ಕುಳಿಯ ನೆರಳು ಟಾರ್ಚಿನ ಕಡೆಯ ಅಂಚಿನಲ್ಲೇ ಕೂತಿರುತ್ತದೆ.

ಈ ಕುಳಿಗಳಲ್ಲಿ ಊರೂ ಕಾಣುತ್ತದೆ. ಕಾರವಾರದ ಡಬ್ಬಿಗಳಲ್ಲಿ ಪೋರ್ಚುಗೀಸರ ಕಾಲದ ಗೋವೆಯ ಕಂಚಿನ ಚಿಲ್ಲರೆ ನಾಣ್ಯ ಸೆಂಟಾವೊಗಳೂ ಸೇರಿರುವುದುಂಟು. ಕಡಲಿನ ಉಪ್ಪುಗಾಳಿ, ತೇವ, ಜೊತೆಗೆ ತಾಮ್ರ ಬೆರೆತ ನೆಂಟ ಒತ್ತಿ ಕೂತರೆ ಸವೆಯುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ತಾಗಿದ ಕಡೆ ಬಿಳಿ ಹುಡಿ, ಹುಡಿಯಡಿ ಸೂಜಿಮೊನೆಯಂಥ ಕುಳಿಗಳು. ಘಟ್ಟದ ಮೇಲೆ, ಶಿರಸಿ ಕಡೆಯ ಕವಳದ, ಅಂದರೆ ಎಲೆ-ಅಡಿಕೆಯ, ಸಂಚಿಯಲ್ಲಿ ಉಳಿದದ್ದರ ಕಥೆ ಬೇರೆ. ಸಂಚಿಯಲ್ಲಿ ಸುಣ್ಣದ ಡಬ್ಬಿ ಇದ್ದೇ ಇರುತ್ತದಲ್ಲ. ಹಸಿ ಸುಣ್ಣ ಕುಳಿ ತೋಡುವುದಿಲ್ಲ, ಇಡೀ ಮುಖವನ್ನೇ ನೆಕ್ಕಿ ನುಣ್ಣಗೆ ಮಾಡುತ್ತದೆ. ತಕ್ಕಡಿಗಿಟ್ಟರೆ ತೂಕವೂ ಇಳಿದಿರುತ್ತದೆ. ಅಂಥದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು, ಇಸವಿ ಎಷ್ಟೇ ಆಸೆ ಹುಟ್ಟಿಸಲಿ.

ತೊಳೆಯುವ ಉಮೇದು ಬಂದರೆ ಹುಣಸೆಹಣ್ಣು ಮುಟ್ಟಬೇಡಿ. ತಾಮ್ರದ ಬಿಂದಿಗೆಗೆ ಒಗ್ಗುವ ಹುಳಿ ಇದರ ಹೊಳಪು ತೆಗೆದು ಬೂದುಬಣ್ಣಕ್ಕಿಡುತ್ತದೆ. ಸೋಡಾ ಇನ್ನೂ ಕಡೆ. ಕಡಲಂಚಿನ ಬಾವಿನೀರೂ ಬೇಡ. ಬಟ್ಟಿ ಇಳಿಸಿದ ನೀರಿನಲ್ಲಿ ಒಂದೆರಡು ತಾಸು ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಹಳೆಯ ಪಂಚೆಯ ತುಂಡಿನ ಮೇಲೆ ಒತ್ತಿ ತೆಗೆದರೆ ಸಾಕು. ಉಜ್ಜಿದರೆ ಗೀರು ಖಂಡಿತ.

ಪಿವಿಸಿ ಲಕೋಟೆ ಅಗ್ಗ, ಆದರೆ ಕಾಲ ಕಳೆದಂತೆ ಅಂಟು ಬಿಡುತ್ತದೆ, ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯದು ವಾಸಿ. ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇರಲಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ನೀಲಿಗೆ ತರಬೇಕು. ಆಷಾಢದ ಮಳೆಯಲ್ಲಿ ಬಿಸಿಲನ್ನು ನಂಬುವಂತಿಲ್ಲ, ಓವನ್ನೇ ಗತಿ. ಜೆಲ್ ಬದಲು ಅಕ್ಕಿ ಹಾಕಿಡುವವರೂ ಇದ್ದಾರೆ. ಶ್ರಾವಣದಲ್ಲಿ ಡಬ್ಬಿ ತೆರೆದರೆ ನಾಣ್ಯಗಳ ಮೇಲೆ ಹುಳ ಓಡಾಡುತ್ತಿರುತ್ತವೆ.