ಊತ ಇಳಿದ ಮಾತ್ರಕ್ಕೆ ಮಿದುಳಿನ ಗಡ್ಡೆ ಹೋಗುವುದಿಲ್ಲ

ಮಿದುಳಿನಲ್ಲಿ ಗಡ್ಡೆಯಿದೆ ಎಂದು ಗೊತ್ತಾದ ಮನೆಯಲ್ಲಿ ಎಲ್ಲರ ಗಮನವೂ ಗಡ್ಡೆಯ ಮೇಲೆಯೇ ಇರುತ್ತದೆ. ಅದು ಎಷ್ಟು ದೊಡ್ಡದು, ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಮಾತಿನಲ್ಲೇ ದಿನ ಕಳೆಯುತ್ತದೆ. ಆದರೆ ರೋಗಿಯನ್ನು ಕಾಡುವ ತಲೆನೋವು, ಬೆಳಗಿನ ವಾಂತಿ, ಕೈಕಾಲಿನ ಸೋಲು, ಮಾತಿನ ತೊದಲು ಇವುಗಳಲ್ಲಿ ಬಹುಪಾಲು ಗಡ್ಡೆಯ ಸುತ್ತ ಸೇರಿಕೊಂಡ ಊತದಿಂದಲೂ ಬಂದಿರಬಹುದು. ಮಂಡ್ಯದ ನಮ್ಮ ಸೋದರಮಾವನವರ ಕಾಯಿಲೆಯ ಕಾಲದಲ್ಲಿ ನಾನು ಇದನ್ನು ಹತ್ತಿರದಿಂದ ಕಂಡೆ.

ಮಿದುಳಿನ ರಕ್ತನಾಳಗಳ ಗೋಡೆ ದೇಹದ ಬೇರೆಡೆಗಿಂತ ಬಿಗಿಯಾಗಿದ್ದು, ರಕ್ತದಲ್ಲಿರುವ ಎಲ್ಲವನ್ನೂ ಆಚೆ ಬಿಡುವುದಿಲ್ಲ. ಗಡ್ಡೆಯಾದರೋ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಬಿಟ್ಟು ತನಗೆ ಬೇಕಾದ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ಸೋರುವುದರಿಂದ ರಕ್ತದ ದ್ರವಾಂಶ ಸುತ್ತಲಿನ ಮಿದುಳಿಗೆ ಇಳಿಯುತ್ತದೆ. ಎಂಆರ್‌ಐ ಚಿತ್ರದಲ್ಲಿ ಅದು ಗಡ್ಡೆಯಿಂದ ಬೆರಳು ಚಾಚಿದ ಹಾಗೆ ಕಾಣುತ್ತದೆ. ತಲೆಬುರುಡೆ ಹಿಗ್ಗುವಂಥದ್ದಲ್ಲವಾದ್ದರಿಂದ, ಗಡ್ಡೆ ಸಣ್ಣದಿದ್ದರೂ ಊತ ದೊಡ್ಡದಾದರೆ ಪ್ರಾಣಕ್ಕೇ ಕುತ್ತು.

ಈ ಊತಕ್ಕೆ ಕೊಡುವ ಮುಖ್ಯ ಔಷಧ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ಯಾಲಿಸಿಚ್ ಮತ್ತು ಫ್ರೆಂಚ್ ಎಂಬ ವೈದ್ಯರು 1961ರಲ್ಲಿ ಇದರ ಉಪಯೋಗವನ್ನು ಪ್ರಕಟಿಸಿದಂದಿನಿಂದ ಇದು ನರಶಸ್ತ್ರಚಿಕಿತ್ಸೆಯ ಆಧಾರವಾಗಿಯೇ ಉಳಿದಿದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಗುಣ ಕಾಣಿಸುತ್ತದೆ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಅತ್ತೆಯ ಮುಂದೆ ನಿಲ್ಲುತ್ತಿದ್ದ ಮಾವ ಮಾತ್ರೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಕಾಲರಿನ ಗುಂಡಿಯನ್ನೂ ತಾವೇ ಹಾಕಿಕೊಂಡರು. ಮನೆಯಲ್ಲಿ ಅಂದು ಹಬ್ಬದ ಸಂತೋಷ. ಮಾತ್ರೆಯಲ್ಲೇ ವಾಸಿಯಾಗುತ್ತಿರುವಾಗ ತಲೆ ಕೊಯ್ಯಿಸುವುದೇಕೆ ಎಂದು ಹಿರಿಯರು ಆಪರೇಷನ್ ಬೇಡವೆಂದೇ ಪಟ್ಟು ಹಿಡಿದರು.

ಅಪಾಯ ಇರುವುದು ಈ ಘಳಿಗೆಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಟೀರಾಯ್ಡ್ ಸೋರಿಕೆಯನ್ನು ತಗ್ಗಿಸುತ್ತದೆಯೇ ಹೊರತು, ಸೋರಿಕೆಗೆ ಕಾರಣವಾದ ಗಡ್ಡೆ ಅಲ್ಲೇ ಇರುತ್ತದೆ. ಲಿಂಫೋಮ ಎಂಬ ಬಗೆಯ ಗಡ್ಡೆ ಮಾತ್ರ ಸ್ಟೀರಾಯ್ಡಿಗೆ ತಾತ್ಕಾಲಿಕವಾಗಿ ಕರಗುವುದುಂಟು. ಅದೂ ಬಯಾಪ್ಸಿಗೆ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದಕ್ಕೆ, ಮೊದಲೇ ಕರಗಿದರೆ ರೋಗ ಯಾವುದೆಂದು ತಿಳಿಯುವುದೇ ಕಷ್ಟವಾಗುತ್ತದೆ. ತುರ್ತಿನಲ್ಲಿ ನಾಳದ ಮೂಲಕ ಕೊಡುವ ಮ್ಯಾನಿಟಾಲ್ ಕೂಡ ಮಿದುಳಿನ ನೀರನ್ನು ಕೆಲವು ಗಂಟೆಗಳ ಮಟ್ಟಿಗೆ ಎಳೆದು ತೆಗೆಯುತ್ತದೆ, ಅಷ್ಟೆ. ಮಾವನದು ಮೆನಿಂಜಿಯೋಮ, ಅಂದರೆ ಮಿದುಳಿನ ಹೊದಿಕೆಯಲ್ಲಿ ಹುಟ್ಟುವ, ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ. ಊತದ ಮೂಲವನ್ನೇ ತೆಗೆಯಲು ಅವರಿಗೆ ಶಸ್ತ್ರಚಿಕಿತ್ಸೆಯೇ ದಾರಿಯಾಗಿತ್ತು. ಮೈಸೂರಿನ ಶಸ್ತ್ರಚಿಕಿತ್ಸಕರು ಮಾತ್ರೆಗೆ ಮೊದಲಿನ ಮತ್ತು ನಂತರದ ಎರಡು ಚಿತ್ರಗಳನ್ನು ಬೆಳಕಿಗೆ ಹಿಡಿದು, ಊತ ಕುಗ್ಗಿದ್ದರೂ ಗಡ್ಡೆಯ ಅಂಚು ಒಂದಿಷ್ಟೂ ಸರಿದಿಲ್ಲವೆಂದು ತೋರಿಸಿದ ಮೇಲೆಯೇ ಹಿರಿಯರು ಒಪ್ಪಿದರು. ಆಪರೇಷನ್ ಆದೊಡನೆ ಊತ ಮಾಯವಾಗುತ್ತದೆಂದೂ ತಿಳಿಯಬಾರದು. ಮೊದಲ ಕೆಲವು ದಿನ ಅದು ಹೆಚ್ಚಬಹುದು, ಪೂರ್ತಿ ಇಳಿಯಲು ವಾರಗಳೇ ಹಿಡಿಯಬಹುದು.

ಇನ್ನೊಂದು ತುದಿಯಲ್ಲಿ ಸ್ಟೀರಾಯ್ಡ್ ಎಂದರೆ ವಿಷವೆಂಬ ಭಯವಿದೆ. ಸಕ್ಕರೆ ಏರುವುದು, ನಿದ್ದೆ ಕೆಡುವುದು, ಹೊಟ್ಟೆಯುರಿ, ತೊಡೆಯ ಬಲ ಕುಗ್ಗಿ ಕುಳಿತಲ್ಲಿಂದ ಏಳಲು ತಡವರಿಸುವುದು, ಇವೆಲ್ಲ ನಿಜವೇ. ಆದ್ದರಿಂದಲೇ ಕೆಲಸ ಮಾಡುವ ಅತಿ ಕಡಿಮೆ ಪ್ರಮಾಣವನ್ನು ಅಗತ್ಯವಿರುವಷ್ಟು ದಿನ ಮಾತ್ರ ಕೊಡಬೇಕು ಎನ್ನುತ್ತಾರೆ. ಆದರೆ ಭಯದಿಂದ ಒಮ್ಮೆಲೇ ನಿಲ್ಲಿಸುವುದು ಇನ್ನೂ ಘೋರ. ಔಷಧ ಹಲವು ದಿನ ಹೊರಗಿನಿಂದ ಬರುತ್ತಿರುವಾಗ, ದೇಹದ ಸ್ವಂತ ಸ್ಟೀರಾಯ್ಡನ್ನು ತಯಾರಿಸುವ ಅಡ್ರಿನಲ್ ಗ್ರಂಥಿ ಆ ಕೆಲಸವನ್ನು ತಗ್ಗಿಸಿರುತ್ತದೆ. ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿಯಬಹುದು, ಊತವೂ ಮರಳಬಹುದು. ನಮ್ಮ ಕಡೆ ಸಕ್ಕರೆ ಕಾಯಿಲೆ ಇರುವವರು ಬಹಳ. ಗ್ಲುಕೋಮೀಟರಿನಲ್ಲಿ ಮುನ್ನೂರು ಕಂಡು ಹೆದರಿದ ಮನೆಯವರು ಮಾತ್ರೆಯ ಪಟ್ಟಿಯನ್ನೇ ಎತ್ತಿಡುವುದು ಅಸಹಜವಲ್ಲ. ಆಗ ವೈದ್ಯರನ್ನು ಕೇಳಿ ಸಕ್ಕರೆಯ ಔಷಧವನ್ನು ಸರಿಪಡಿಸಿಕೊಳ್ಳಬೇಕು, ಡೆಕ್ಸಾಮೆಥಸೋನನ್ನು ತಾವಾಗಿ ಬಿಡಬಾರದು.

ನನ್ನ ದೂರಿರುವುದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಬಿಡುಗಡೆಯ ಹಾಳೆಯ ಬಗ್ಗೆ. ಮಾವನಿಗೆ ಕೊಟ್ಟ ಹಾಳೆಯಲ್ಲಿ ಪ್ರಮಾಣವನ್ನು ಇಳಿಸುವ ಕ್ರಮವೆಲ್ಲ ಇಂಗ್ಲಿಷಿನ ಸಂಕ್ಷೇಪಾಕ್ಷರಗಳಲ್ಲಿತ್ತು. ಈ ಮಾತ್ರೆ ಅರ್ಧ ಮಿಲಿಗ್ರಾಂ, ನಾಲ್ಕು ಮಿಲಿಗ್ರಾಂ ಎರಡರಲ್ಲೂ ಸಿಗುತ್ತದೆ. ಕೈತಪ್ಪಿದರೆ ವ್ಯತ್ಯಾಸ ಎಂಟು ಪಟ್ಟು. ಕೊನೆಗೆ ವಾರ್ಡಿನ ನರ್ಸ್ ಒಬ್ಬರು ಹಾಳೆಯ ಹಿಂಬದಿಯಲ್ಲಿ ಯಾವ ತಾರೀಖಿನಿಂದ ಯಾವ ಮಾತ್ರೆ, ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು ಎಂದು ಕನ್ನಡದಲ್ಲಿ ಗೆರೆ ಎಳೆದು ಬರೆದುಕೊಟ್ಟರು. ಅತ್ತೆ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಕೊಟ್ಟ ಮಾತ್ರೆಗೆಲ್ಲ ಗುರುತು ಹಾಕುತ್ತ ಬಂದರು. ಮೈಸೂರು, ಮಂಡ್ಯದ ಪ್ರತಿಯೊಂದು ಆಸ್ಪತ್ರೆಯೂ ಇಂಥ ಕನ್ನಡದ ಪಟ್ಟಿಯನ್ನು ತಾನಾಗಿಯೇ ಕೊಡಬೇಕು. ತಲೆನೋವು ಮರಳಿದರೆ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ, ರೋಗಿ ಮಂಕಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕೆಂಬುದೂ ಅದರಲ್ಲಿರಬೇಕು.