ಸ್ಕ್ರೀನಿಗೆ ಫೋನ್ ಹಿಡಿದು ಫೋಟೋ ತೆಗೀಬೇಡ್ರಪ್ಪಾ, ಕೈ ಮುಗೀತೀನಿ

ಕೋಪ ಆರೋಕೆ ಮುಂಚೆ ಬರ್ದುಬಿಡ್ತೀನಿ. ನಮ್ಮ ಅಕ್ಕನ ಮಗ ಗೊತ್ತಲ್ಲ ನಿಮ್ಗೆ, ಹಾಸನದ ಮನೇಲೇ ಕೂತು ಬೆಂಗಳೂರಿನ ಕೆಲ್ಸ ಮಾಡ್ತಾನೆ, ಅವ್ನು ಇವತ್ತು "ಮಾವ, ಏನೋ ಎರರ್ ಬರ್ತೈತೆ ನೋಡು" ಅಂತ ವಾಟ್ಸಾಪ್ ಮಾಡ್ದ. ಕಳ್ಸಿದ್ದೇನು? ಲ್ಯಾಪ್‌ಟಾಪ್ ಸ್ಕ್ರೀನಿನ ಫೋಟೋ! ಅದೂ ಓರೆಯಾಗಿ. ಟ್ಯೂಬ್‌ಲೈಟ್ ಫಳಫಳ ಅಂತಿದೆ, ಮೂಲೇಲಿ ಅಕ್ಕ ಇಟ್ಟ ಕಾಫಿ ಲೋಟ ಚೆನ್ನಾಗಿ ಬಂದಿದೆ, ಎರರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣುತ್ತೆ. ಅದು ಸೊನ್ನೆನಾ ಓ ಅಕ್ಷರನಾ, ಒಂದಾ ಎಲ್ ಅಕ್ಷರನಾ, ನಾನು ಕನ್ನಡಕ ಹಾಕಿ ತೆಗ್ದು, ದೊಡ್ಡದು ಮಾಡಿ ನೋಡಿ ಟೈಪ್ ಮಾಡ್ಕೋಬೇಕಂತೆ.

ಲೋ, ಅದು ಟೆಕ್ಸ್ಟ್ ಕಣೋ! ಟರ್ಮಿನಲ್ಲಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕೀಲಿ, ಕಮಾಂಡ್ ಆದ್ಮೇಲೆ ಒಂದು ಪೈಪ್ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ದಾಟಿಸೋ | ಗುರುತು) ಹಾಕಿ ಮ್ಯಾಕ್ ಆದ್ರೆ ಪಿಬಿಕಾಪಿ, ವಿಂಡೋಸ್ ಆದ್ರೆ ಕ್ಲಿಪ್, ಲಿನಕ್ಸಲ್ಲಿ ಸ್ಕ್ರೀನ್ ನೋಡ್ಕೊಳೋ ವ್ಯವಸ್ಥೆ ಎರಡು ಥರ, ವೇಲ್ಯಾಂಡ್ ಇದ್ರೆ ಡಬ್ಲ್ಯೂಎಲ್-ಕಾಪಿ, ಹಳೇ ಎಕ್ಸ್11 ಆದ್ರೆ ಎಕ್ಸ್‌ಕ್ಲಿಪ್ (ಇದಕ್ಕೆ ಮಾತ್ರ ಬಾಲ ಒಂದು ಸೇರಿಸ್ಬೇಕು, ಆಮೇಲೆ ಹೇಳ್ತೀನಿ) ಅಂತ ಬರ್ದ್ರೆ ಸೀದಾ ಕ್ಲಿಪ್‌ಬೋರ್ಡಿಗೆ, ಅಂದ್ರೆ ಕಾಪಿ ಮಾಡಿದ್ದು ಕೂರೋ ಜಾಗಕ್ಕೆ, ಹೋಗುತ್ತೆ, ಮೌಸ್ ಮುಟ್ಟೋದೂ ಬೇಡ.

"ಆಫೀಸ್ ಲ್ಯಾಪ್‌ಟಾಪಲ್ಲಿ ವಾಟ್ಸಾಪ್ ಬಿಡಲ್ಲ ಮಾವ, ಅದ್ಕೇ ಫೋಟೋ" ಅಂದ. ಮೇಲ್ ಬಿಡ್ತಾರಲ್ಲೋ? ಸುಮ್ನಾದ.

ಸರಿ, ಎಕ್ಸ್‌ಕ್ಲಿಪ್ ಹಾಕ್ದ. ಪೇಸ್ಟ್ ಮಾಡಿದ್ರೆ ಬೆಳಿಗ್ಗೆ ಯಾವಾಗ್ಲೋ ಕಾಪಿ ಮಾಡಿದ್ದ ಒಟಿಪಿ ಬಂತು. ಇದ್ರಲ್ಲಿ ಹುಡುಗನ ತಪ್ಪಿಲ್ಲ ಬಿಡಿ. ನಮ್ಮೂರಲ್ಲಿ ಹಳೇ ಬಸ್ ಸ್ಟ್ಯಾಂಡು ಹೊಸ ಬಸ್ ಸ್ಟ್ಯಾಂಡು ಅಂತ ಎರಡಿಲ್ವಾ, ಎಕ್ಸ್11ನಲ್ಲೂ ಹಂಗೇ, ಮೌಸಲ್ಲಿ ಸೆಲೆಕ್ಟ್ ಮಾಡಿದ್ದು ಪ್ರೈಮರಿ ಅನ್ನೋ ಕಡೆ ಇಳಿಯುತ್ತೆ, ಕಾಪಿ ಅಂತ ಒತ್ತಿದ್ದು ಕ್ಲಿಪ್‌ಬೋರ್ಡ್ ಅನ್ನೋ ಕಡೆ. ಎಕ್ಸ್‌ಕ್ಲಿಪ್ ಹೇಳ್ದೇ ಇದ್ರೆ ಪ್ರೈಮರಿಗೇ ಹೋಗೋದು. ಕೊನೇಲಿ ಮೈನಸ್ ಸೆಲೆಕ್ಷನ್ ಕ್ಲಿಪ್‌ಬೋರ್ಡ್ (-selection clipboard) ಅಂತ ಸೇರಿಸ್ಲಿಲ್ಲ ಅಂದ್ರೆ ಬೆಂಗಳೂರು ಬಸ್ಸಿಗೆ ಹಳೇ ಸ್ಟ್ಯಾಂಡಲ್ಲಿ ಕಾದಂಗೆ.

ಸೇರಿಸ್ದ. ಈಗ ಪೂರ್ತಿ ಖಾಲಿ! ಎರರ್ ಮಾತ್ರ ಸ್ಕ್ರೀನ್ ಮೇಲೇ ಕೂತಿದೆ. ಯಾಕಂದ್ರೆ ಪೈಪಲ್ಲಿ ಹರಿಯೋದು ಮಾಮೂಲಿ ಔಟ್‌ಪುಟ್ ಅಷ್ಟೇ, ಎರರ್‌ದು ಬೇರೆ ದಾರಿ, ಪೈಪಿಗೆ ಮುಂಚೆ 2>&1 ಹಾಕಿ ಎರಡನ್ನೂ ಸೇರಿಸ್ಬೇಕು. ಇನ್ನೊಬ್ರಿಗೆ ತೋರ್ಸೋಕೆ ನಾವು ಕಾಪಿ ಮಾಡೋದೇ ಎರರನ್ನ, ಅದೇ ಪೈಪಲ್ಲಿ ಬರಲ್ಲ, ಚೆನ್ನಾಗಿದೆ.

ಮೌಸಲ್ಲಿ ಎಳ್ದು ಕಂಟ್ರೋಲ್ ಶಿಫ್ಟ್ ಸಿ ಒತ್ತಿದ್ರೆ ಆಗಲ್ವಾ ಅಂತ ಕೆಳಗೆ ಯಾರೋ ಕೇಳೇ ಕೇಳ್ತೀರ. ಆಗುತ್ತೆ, ನಾಲ್ಕು ಸಾಲಿದ್ರೆ. ನಾನೂರು ಸಾಲಿದ್ರೆ ಎಳೀರಿ, ತೇರು ಎಳ್ದಂಗೆ.

ಶಿಫ್ಟ್ ಅಂದಾಗ ನೆನಪಾಯ್ತು, ನಾನೇನೂ ಸಾಚಾ ಅಲ್ಲ. ಕೆಲ್ಸಕ್ಕೆ ಸೇರಿದ ಹೊಸತರಲ್ಲಿ ಮೂರು ಗಂಟೆಯಿಂದ ಓಡ್ತಿದ್ದ ಬ್ಯಾಕಪ್‌ದು ಒಂದು ಸಾಲು ಕಾಪಿ ಮಾಡ್ಕೊಳೋಣ ಅಂತ ಬರೀ ಕಂಟ್ರೋಲ್ ಸಿ ಒತ್ತಿಬಿಟ್ಟೆ. ಟರ್ಮಿನಲ್ಲಲ್ಲಿ ಹಂಗಂದ್ರೆ ನಿಲ್ಲಿಸು ಅಂತ. ನಿಂತೋಯ್ತು. ಮ್ಯಾನೇಜರ್‌ಗೆ ಕರೆಂಟ್ ಹೋಗಿತ್ತು ಸಾರ್ ಅಂದೆ, ಪುಣ್ಯಾತ್ಮ ನಂಬಿದ್ರು. ಇವತ್ತೇ ಮೊದ್ಲು ಇದನ್ನ ಬಾಯ್ಬಿಡ್ತಿರೋದು.

ಕೊನೆಗೆ ಮೇಲ್ ಬಂತು, ಟೆಕ್ಸ್ಟ್ ಆಗಿ. ಅರ್ಧ ನಿಮಿಷ ಹಿಡೀಲಿಲ್ಲ. ಫೋಲ್ಡರ್ ಹೆಸ್ರಲ್ಲಿ ಓ ಇರ್ಬೇಕಾದ ಕಡೆ ಸೊನ್ನೆ ಹೊಡ್ದಿದ್ದ. ಫೋಟೋ ಮತ್ತೆ ತೆಗ್ದು ನೋಡ್ದೆ, ಸರಿಯಾಗಿ ಅದ್ರ ಮೇಲೇ ಟ್ಯೂಬ್‌ಲೈಟು.