ನಿಮ್ಮ ಹತ್ತಿರಾನೇ ಯಾಕೆ ಬರಬೇಕು?

ವಿಸಿಟಿಂಗ್ ಕಾರ್ಡ್, ಕರಪತ್ರ, ಬೋರ್ಡು ಡಿಸೈನ್ ಮಾಡಿಕೊಂಡು ಜೀವನ ಮಾಡುವವನು ನಾನು. ಇಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಸಲ ಟೈಪ್ ಮಾಡಿದ ಸಾಲು ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ: ‘ಉತ್ತಮ ಗುಣಮಟ್ಟ, ಯೋಗ್ಯ ಬೆಲೆ, ಗ್ರಾಹಕರ ತೃಪ್ತಿಯೇ ನಮ್ಮ ಗುರಿ.’ ಬೀಗ ರಿಪೇರಿಯವರಿಗೂ ಇದೇ ಸಾಲು, ಟ್ಯೂಷನ್ ಹೇಳುವವರಿಗೂ ಇದೇ, ಫೋಟೋ ತೆಗೆಯುವವರಿಗೂ ಇದೇ. ಹಳೇ ಫೈಲಿಂದ ಕಾಪಿ, ಹೊಸ ಫೈಲಿಗೆ ಪೇಸ್ಟ್. ಹೆಸರು, ಫೋನ್ ನಂಬರ್ ಬದಲಾಯಿಸಿದರೆ ಕೆಲಸ ಮುಗಿಯಿತು.

ಈ ಸಾಲಿನ ಮೇಲೆ ನನಗೆ ಸಿಟ್ಟಿಲ್ಲ. ಅದು ನನ್ನ ಹೊಟ್ಟೆ ತುಂಬಿಸಿದೆ. ಆದರೆ ಅದನ್ನು ಓದಿ ಒಬ್ಬರಾದರೂ ಅಂಗಡಿ ಮೆಟ್ಟಿಲು ಹತ್ತಿದ್ದಾರೆ ಅಂತ ನಾನು ನಂಬುವುದಿಲ್ಲ. ಸುಮ್ನೆ ಉಲ್ಟಾ ಮಾಡಿ ನೋಡಿ. ‘ಕಳಪೆ ಗುಣಮಟ್ಟ, ಬಾಯಿಗೆ ಬಂದ ಬೆಲೆ, ಗ್ರಾಹಕರ ಗೋಳೇ ನಮ್ಮ ಗುರಿ’ ಅಂತ ಯಾರಾದರೂ ಬೋರ್ಡ್ ಹಾಕುತ್ತಾರಾ? ಉಲ್ಟಾ ಹೇಳುವವರು ಯಾರೂ ಇಲ್ಲ ಅಂದಮೇಲೆ ನೆಟ್ಟಗೆ ಹೇಳಿಯೂ ಏನು ಪ್ರಯೋಜನ?

ಗ್ರಾಹಕ ನಮ್ಮ ಹತ್ತಿರಾನೇ ಬರೋಕೆ ಇರುವ ಕಾರಣಕ್ಕೆ ಮ್ಯಾನೇಜ್‌ಮೆಂಟ್ ಓದಿದವರು ‘ವ್ಯಾಲ್ಯೂ ಪ್ರೊಪೊಸಿಷನ್’ ಅನ್ನುತ್ತಾರೆ. ‘ಮೌಲ್ಯ ಪ್ರತಿಪಾದನೆ’ ಅಂತ ಯಾರೋ ಕನ್ನಡ ಮಾಡಿದ್ದನ್ನು ನೋಡಿದ್ದೇನೆ, ಪ್ರವಚನಕ್ಕೆ ಕರೆದ ಹಾಗಿದೆ. ನನ್ನ ಟೇಬಲ್ ಮುಂದೆ ಕೂತವರಿಗೆ ನಾನು ಕೇಳುವುದು ಇಷ್ಟೇ: ‘ನಿಮ್ಮ ಹತ್ತಿರಾನೇ ಯಾಕೆ ಬರಬೇಕು?’ ಹೆಚ್ಚಿನವರು ಈ ಪ್ರಶ್ನೆಗೆ ಸ್ವಲ್ಪ ಬೇಜಾರು ಮಾಡಿಕೊಳ್ಳುತ್ತಾರೆ. ಕಾರ್ಡ್ ಮಾಡಿಸೋಕೆ ಬಂದರೆ ಇವನೇನು ಇಂಟರ್‌ವ್ಯೂ ಮಾಡ್ತಾನೆ ಅಂತ.

ಒಂದು ಸಲ ಹೊಲಿಗೆ ಕೆಲಸದ ಮೇಡಂ ಒಬ್ಬರು ಬಂದರು. ಕರಪತ್ರಕ್ಕೆ ಅವರೇ ಬರೆದು ತಂದಿದ್ದರು. ನೋಟ್‌ಬುಕ್ ಹಾಳೆಯ ತುಂಬಾ ಪಟ್ಟಿ. ಗಂಡಸರ ಬಟ್ಟೆ, ಹೆಂಗಸರ ಬಟ್ಟೆ, ಮಕ್ಕಳ ಬಟ್ಟೆ, ಯೂನಿಫಾರ್ಮ್, ಪರದೆ, ದಿಂಬಿನ ಕವರ್. ಕೊನೆಗೆ ‘ಎಲ್ಲಾ ತರಹದ ಹೊಲಿಗೆ’ ಅಂತ ಬರೆದು ಅದರ ಕೆಳಗೆ ಎರಡು ಗೆರೆ.

‘ಮೇಡಂ, ಹೋದ ವಾರ ಏನೇನು ಕೆಲಸ ಬಂತು?’ ಅಂತ ಕೇಳಿದೆ.

ಅವರು ಬೆರಳು ಮಡಚುತ್ತಾ ಹೋದರು. ಪ್ಯಾಂಟಿನ ಜಿಪ್ ಕಿತ್ತುಹೋಗಿದ್ದು ನಾಲ್ಕು. ಕಾಲು ಉದ್ದ ಆಗಿ ಮಡಚಿ ಹೊಲಿದಿದ್ದು ಆರೇಳು. ಬ್ಯಾಗಿನ ಹಿಡಿ ಒಂದು. ಹೊಸ ಬಟ್ಟೆ? ಒಂದೇ ಒಂದು.

‘ಅದೆಲ್ಲಾ ಚಿಲ್ಲರೆ ಕೆಲಸ ಸರ್, ಅದನ್ನ ಹಾಕಬೇಡಿ’ ಅಂದರು.

‘ಆ ಚಿಲ್ಲರೆ ಕೆಲಸ ನಿಮ್ಮ ಹತ್ತಿರಾನೇ ಯಾಕೆ ಬರುತ್ತೆ?’

‘ಬೇರೆ ಟೈಲರ್‌ಗಳು ತಗೊಳಲ್ಲ ಸರ್. ತಗೊಂಡ್ರೂ ಒಂದು ಮೂಲೆಗೆ ಹಾಕ್ತಾರೆ. ಹೊಸ ಬಟ್ಟೆ ಆರ್ಡರ್ ಮುಗಿಯೋವರೆಗೂ ಅದನ್ನ ಮುಟ್ಟಲ್ಲ. ನಾನು ರಾತ್ರಿನೇ ಮಾಡಿಟ್ಟುಬಿಡ್ತೀನಿ.’

ಇಡೀ ಕರಪತ್ರ ಆ ಒಂದು ಮಾತಿನಲ್ಲಿತ್ತು. ಹಾಳೆಯ ಪಟ್ಟಿಯಲ್ಲಿ ಮಾತ್ರ ಅದು ಇರಲಿಲ್ಲ.

‘ವ್ಯಾಲ್ಯೂ ಪ್ರೊಪೊಸಿಷನ್’ ಅನ್ನುವ ಹೆಸರು ಬಳಕೆಗೆ ಬಂದಿದ್ದು ಮೆಕಿನ್ಸಿ ಅನ್ನುವ ಸಲಹಾ ಸಂಸ್ಥೆಯಿಂದ. 1988ರಲ್ಲಿ ಅಲ್ಲಿನ ಮೈಕೆಲ್ ಲ್ಯಾನಿಂಗ್ ಮತ್ತು ಎಡ್ವರ್ಡ್ ಮೈಕೆಲ್ಸ್ ಬರೆದ ಲೇಖನವೊಂದರಲ್ಲಿ ಮೂರು ಹೆಜ್ಜೆ ಹೇಳಿದ್ದರು. ಯಾರಿಗೆ ಏನು ಉಪಯೋಗ ಕೊಡಬೇಕು, ಸುಮಾರು ಯಾವ ಬೆಲೆಗೆ ಅಂತ ಮೊದಲು ಆರಿಸಿಕೊಳ್ಳುವುದು. ಆಮೇಲೆ ಅದನ್ನು ನಿಜವಾಗಿ ಕೊಡುವುದು. ಕೊನೆಗೆ ಅದನ್ನು ಜನಕ್ಕೆ ತಿಳಿಸುವುದು. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಜನ ಮೂರನೇ ಹೆಜ್ಜೆಯಿಂದ ಶುರು ಮಾಡುತ್ತಾರೆ. ಲೋಗೋ ಬೇಕು, ಒಂದು ಒಳ್ಳೇ ಸ್ಲೋಗನ್ ಬೇಕು. ಏನನ್ನು ತಿಳಿಸೋದು ಅಂತ ಕೇಳಿದರೆ, ‘ನೀವೇ ಏನಾದ್ರೂ ಹಾಕಿ ಸರ್.’ ನಾನೇ ಏನಾದ್ರೂ ಹಾಕಿದರೆ ಏನು ಬರುತ್ತೆ ಅಂತ ಮೇಲೆ ಹೇಳಿದ್ದೇನಲ್ಲ.

ಸರಿ, ಆರಿಸಿಕೊಳ್ಳುವುದು ಹೇಗೆ? ಹಳೇ ಗ್ರಾಹಕರನ್ನು ಕೇಳಿ ಅನ್ನುತ್ತಾರೆ. ಕೇಳಬೇಕು, ನಿಜ. ಆದರೆ ‘ನಮ್ಮ ಸರ್ವಿಸ್ ಹೇಗಿದೆ?’ ಅಂತ ಕೇಳಬೇಡಿ. ಮುಖ ನೋಡಿಕೊಂಡು ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅದು ಬರೀ ಮರ್ಯಾದೆಯ ಮಾತು. ‘ನಮ್ಮ ಹತ್ತಿರ ಬರೋ ಹಿಂದಿನ ದಿನ ಏನಾಯ್ತು? ನಾವು ಸಿಗದೇ ಇದ್ದಿದ್ರೆ ಏನು ಮಾಡ್ತಿದ್ರಿ?’ ಅಂತ ಕೇಳಿ. ಈ ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟ. ಯಾಕಂದ್ರೆ ನಿಮ್ಮ ನಿಜವಾದ ಪೈಪೋಟಿ ಯಾರ ಜೊತೆ ಅಂತ ಅದರಲ್ಲಿ ಗೊತ್ತಾಗುತ್ತೆ.

ಮೇಡಂ ಆಮೇಲೆ ನಾಲ್ಕೈದು ಜನರನ್ನು ಕೇಳಿ ಬಂದರು. ಯಾರೂ ಇನ್ನೊಬ್ಬ ಟೈಲರ್ ಹೆಸರು ಹೇಳಿರಲಿಲ್ಲ. ‘ಬೀರುವಲ್ಲೇ ಬಿದ್ದಿರೋದು’ ಅಂದಿದ್ದರು. ಒಬ್ಬರ ಪ್ಯಾಂಟ್ ಎಂಟು ತಿಂಗಳಿಂದ ಬೀರುವಿನಲ್ಲಿತ್ತಂತೆ, ಬರೀ ಒಂದು ಜಿಪ್ಪಿಗೋಸ್ಕರ. ಅಂದರೆ ಅವರಿಗೆ ಪೈಪೋಟಿ ಪಕ್ಕದ ಟೈಲರ್ ಅಲ್ಲ, ಜನರ ಸೋಮಾರಿತನ. ಬೀರುವಿನ ಜೊತೆ ಜಗಳಕ್ಕೆ ನಿಂತವರು ‘ನಾವು ಅವರಿಗಿಂತ ಚೆನ್ನಾಗಿ ಹೊಲಿಯುತ್ತೇವೆ’ ಅಂದರೆ ಯಾರಿಗೆ ಕೇಳಿಸುತ್ತೆ? ಅದಕ್ಕೇ ಹೀಗೆ ಬರೆದೆ:

‘ಜಿಪ್ ಹೋದ ಪ್ಯಾಂಟ್ ಬೀರುವಲ್ಲಿ ಬಿದ್ದಿದೆಯಾ? ಇವತ್ತು ಕೊಡಿ. ನಾಳೆ ಸಂಜೆ ಹಾಕ್ಕೊಳ್ಳಿ.’

ಓದಿ ನಕ್ಕರು. ಆಮೇಲೆ ಮುಖ ಚಿಕ್ಕದಾಯಿತು. ‘ಹೀಗೆ ಹಾಕಿದ್ರೆ ದೊಡ್ಡ ಕೆಲಸ ಯಾರೂ ಕೊಡಲ್ಲ ಅಲ್ವಾ ಸರ್?’

ಈ ಭಯ ಸುಳ್ಳಲ್ಲ. ಒಂದನ್ನು ಹೇಳಿದರೆ ಉಳಿದದ್ದು ಕೈತಪ್ಪುತ್ತೆ ಅನ್ನುವ ಈ ಭಯದಿಂದಲೇ ಆ ಉದ್ದುದ್ದ ಪಟ್ಟಿಗಳೆಲ್ಲಾ ಹುಟ್ಟುವುದು. 2006ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಜೇಮ್ಸ್ ಆಂಡರ್ಸನ್ ಮತ್ತು ಇನ್ನಿಬ್ಬರು ಇದರ ಬಗ್ಗೆಯೇ ಬರೆದಿದ್ದರು. ಕೆಲವರು ತಮ್ಮ ಎಲ್ಲಾ ಲಾಭಗಳನ್ನೂ ಸಾಲಾಗಿ ಹೇಳುತ್ತಾರೆ. ಕೆಲವರು ಎದುರಾಳಿಗಿಂತ ತಾವು ಎಲ್ಲೆಲ್ಲಿ ಮೇಲು ಅಂತ ಹೇಳುತ್ತಾರೆ. ಗ್ರಾಹಕನಿಗೆ ನಿಜವಾಗಿ ಬೇಕಾದ ಒಂದೋ ಎರಡೋ ವಿಷಯವನ್ನು ಮಾತ್ರ ಹಿಡಿದುಕೊಳ್ಳುವವರು ಮೂರನೇ ಗುಂಪು. ಅವರ ಪ್ರಕಾರ ಕೊನೆಯದೇ ಒಳ್ಳೆಯದು, ಆದರೆ ಅದಕ್ಕೆ ಗ್ರಾಹಕನ ಕೆಲಸ ಒಳಗಿನಿಂದ ಗೊತ್ತಿರಬೇಕು. ಮೊದಲನೆಯದಕ್ಕೆ ಏನೂ ಗೊತ್ತಿರಬೇಕಿಲ್ಲ, ಹಾಳೆ ದೊಡ್ಡದಿದ್ದರೆ ಆಯ್ತು!

ಮೇಡಂಗೆ ಆವತ್ತು ನಾನು ಇದನ್ನೆಲ್ಲಾ ಹೇಳಲಿಲ್ಲ. ಏವಿಸ್ ಕಥೆ ಹೇಳಿದೆ. ಅಮೆರಿಕದಲ್ಲಿ ಕಾರು ಬಾಡಿಗೆಗೆ ಕೊಡುವ ಕಂಪನಿ ಅದು. ಹರ್ಟ್ಜ್ ಮೊದಲನೇ ಸ್ಥಾನದಲ್ಲಿತ್ತು, ಇವರು ಅದರ ಹಿಂದೆ, ಬಹಳ ದೂರದಲ್ಲಿ. ವರ್ಷಗಟ್ಟಲೆ ನಷ್ಟ ಬೇರೆ. 1962ರಲ್ಲಿ ಡೋಯ್ಲ್ ಡೇನ್ ಬರ್ನ್‌ಬಾಕ್ ಅನ್ನುವ ಜಾಹೀರಾತು ಸಂಸ್ಥೆ ಇವರಿಗೆ ಮಾಡಿಕೊಟ್ಟ ಜಾಹೀರಾತು ನೇರವಾಗಿ ಒಪ್ಪಿಕೊಂಡಿತು: ನಾವು ಎರಡನೆಯವರು, ಅದಕ್ಕೇ ಜಾಸ್ತಿ ಕಷ್ಟಪಡುತ್ತೇವೆ. ನಾವು ಎರಡನೆಯವರು ಅಂತ ದುಡ್ಡು ಕೊಟ್ಟು ಹಾಕಿಸಿಕೊಳ್ಳೋಕೆ ಗುಂಡಿಗೆ ಬೇಕು. ಆದರೆ ನನಗೆ ಹಿಡಿಸಿದ್ದು ಅದರ ಕೆಳಗಿನ ಸಣ್ಣ ಅಕ್ಷರ. ಬೂದಿ ತುಂಬಿದ ಆ್ಯಶ್‌ಟ್ರೇ, ಅರ್ಧ ಖಾಲಿ ಟ್ಯಾಂಕು, ಸವೆದ ವೈಪರ್, ತೊಳೆಯದ ಕಾರು, ಇದ್ಯಾವುದೂ ನಮಗೆ ಗಿಟ್ಟುವುದಿಲ್ಲ ಅನ್ನುವ ಅರ್ಥದ ಮಾತು. ‘ಉತ್ತಮ ಸೇವೆ’ ಅಂದಿದ್ದರೆ ಮರೆತುಹೋಗುತ್ತಿತ್ತು. ಆ್ಯಶ್‌ಟ್ರೇ ಅಂದರೆ ಕಣ್ಣಿಗೆ ಕಾಣುತ್ತೆ. ಕಾರಿನ ಬಾಗಿಲು ತೆಗೆದ ತಕ್ಷಣ ಗ್ರಾಹಕ ಅದನ್ನೇ ನೋಡುತ್ತಾನೆ, ಮಾತು ಉಳಿಸಿಕೊಂಡರೋ ಇಲ್ಲವೋ ಅಂತ.

ಬಾಯಿಂದ ಬಂದ ಮಾತು ಕೈಯಲ್ಲೂ ಆಗಬೇಕು ಅನ್ನೋದಕ್ಕೆ ಫೆಡೆಕ್ಸ್ ಅನ್ನುವ ಕೊರಿಯರ್ ಸಂಸ್ಥೆ ಇನ್ನೊಂದು ಉದಾಹರಣೆ. ಅದು ದೊಡ್ಡ ಕಂಪನಿ, ನಮಗೂ ಅದಕ್ಕೂ ಏನು ಅಂತೀರಾ? 1973ರ ಏಪ್ರಿಲ್‌ನಲ್ಲಿ ಅಮೆರಿಕದ ಮೆಂಫಿಸ್‌ನಿಂದ ಕೆಲಸ ಶುರು ಮಾಡಿದ ಮೊದಲ ರಾತ್ರಿ ಅವರು ಸಾಗಿಸಿದ್ದು 186 ಪಾರ್ಸೆಲ್. ಅದಕ್ಕೆ 14 ವಿಮಾನ! ರಾತ್ರೋರಾತ್ರಿ ತಲುಪಿಸುತ್ತೇವೆ ಅಂದಮೇಲೆ ಡಬ್ಬಿ ಎಷ್ಟಿದ್ದರೂ ವಿಮಾನ ಹಾರಲೇಬೇಕಲ್ಲ.

ಅಂದಹಾಗೆ, ‘ಎಲ್ಲರಿಗಿಂತ ಕಡಿಮೆ ಬೆಲೆ’ ಅನ್ನೋದನ್ನು ಸಣ್ಣ ವ್ಯಾಪಾರದವರು ಬರೆಸಲು ಬಂದಾಗ ನಾನು ಎರಡು ಸಲ ಕೇಳುತ್ತೇನೆ. ನಿಮಗಿಂತ ದೊಡ್ಡವನೊಬ್ಬ ಆರು ತಿಂಗಳು ನಷ್ಟ ತಡೆದುಕೊಂಡು ಬೆಲೆ ಇಳಿಸಿದರೆ ಆ ಸಾಲು ಅವನದಾಗುತ್ತೆ. ನಿಮ್ಮ ಕೈಯಲ್ಲಿ ಉಳಿಯುವುದು ಹಳೇ ಕರಪತ್ರ.

ಇನ್ನೊಂದು ಪರೀಕ್ಷೆ ನಾನು ಪ್ರೂಫ್ ನೋಡುವಾಗ ಮಾಡುತ್ತೇನೆ. ಮೇಲಿರುವ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಇದೇ ಕೆಲಸ ಮಾಡುವ ಇನ್ನೊಬ್ಬರ ಹೆಸರನ್ನು ಅಲ್ಲಿ ಕೂರಿಸಿದರೂ ಸರಿಹೋಗುತ್ತೆ ಅನ್ನಿಸಿದರೆ ಆ ಪ್ರೂಫ್ ಇನ್ನೂ ಮುಗಿದಿಲ್ಲ ಅಂತ ಲೆಕ್ಕ. ಸ್ವಲ್ಪ ನಾಚಿಕೆಯಿಂದ ಹೇಳಬೇಕು, ನನ್ನದೇ ಕಾರ್ಡಿನ ಮೇಲೆ ಹೆಬ್ಬೆರಳಿಟ್ಟಿದ್ದು ತೀರಾ ಇತ್ತೀಚೆಗೆ. ‘ಎಲ್ಲಾ ತರಹದ ಡಿಸೈನ್ ಕೆಲಸ ಮಾಡಿಕೊಡಲಾಗುವುದು’ ಅಂತಿತ್ತು. ಎರಡು ಗೆರೆ ಮಾತ್ರ ಎಳೆದಿರಲಿಲ್ಲ.

ಮೇಡಂ ಕೊನೆಗೆ ಆ ಸಾಲನ್ನು ಒಪ್ಪಿದರು. ‘ಎಲ್ಲಾ ತರಹದ ಹೊಲಿಗೆ’ಯನ್ನು ಹಿಂಬದಿಯಲ್ಲಿ ಚಿಕ್ಕದಾಗಿ ಹಾಕಿಸಿಕೊಂಡೇ ಒಪ್ಪಿದ್ದು. ನಾನೂ ಜಾಸ್ತಿ ಹಟ ಮಾಡಲಿಲ್ಲ, ವ್ಯಾಪಾರ ಅವರದು.

ಒಂದೆರಡು ತಿಂಗಳು ಕಳೆದ ಮೇಲೆ ಮತ್ತೆ ಬಂದರು. ಕೆಲಸ ಜಾಸ್ತಿಯಾಗಿದೆ, ಒಂದು ರಾತ್ರಿಯಲ್ಲಿ ಮುಗಿಯುತ್ತಿಲ್ಲ, ಸಾಲು ಬದಲಾಯಿಸಬೇಕು ಅಂದರು. ‘ನಾಳೆ’ ಅಂತ ಇದ್ದರೆ ಕೇಳೋಕೆ ಚೆಂದ, ಹಾಗೇ ಇರಲಿ, ಒಂದು ದಿನ ತಡ ಆದರೆ ಯಾರು ಕೇಳ್ತಾರೆ ಅಂದೆ. ‘ನಾನೇ ಕೇಳ್ಕೊತೀನಿ ಸರ್’ ಅಂದು ಬ್ಯಾಗಿನಿಂದ ಉಳಿದಿದ್ದ ಹಳೇ ಕರಪತ್ರದ ಕಟ್ಟು ತೆಗೆದು ಟೇಬಲ್ ಮೇಲಿಟ್ಟರು. ಇನ್ನೂರೋ ಇನ್ನೂರೈವತ್ತೋ ಇರಬೇಕು. ಒಂದೊಂದರಲ್ಲೂ ‘ನಾಳೆ’ಯನ್ನು ಪೆನ್ನಿನಿಂದ ಹೊಡೆದು, ಮೇಲೆ ‘ನಾಡಿದ್ದು’ ಅಂತ ಬರೆದಿದ್ದರು.